ದೊಡ್ಡ ಕನ್‌ಸ್ಟ್ರಕ್ಷನ್ ಕಂಪನಿ ಸೇರೋ ಮುಂಚೆ ಗೊತ್ತಿರ್ಬೇಕಾದ್ದು

ಸಿವಿಲ್ ಮುಗಿಸಿದ ಹುಡುಗ್ರು ಹುಡುಗೀರು ಇನ್‌ಬಾಕ್ಸ್‌ಗೆ ಬಂದು ಕೇಳೋದು ಒಂದೇ ಪ್ರಶ್ನೆ, ದೊಡ್ಡ ಕಂಪನಿ ಸೇರ್ಲಾ ಇಲ್ಲಾ ಚಿಕ್ಕ ಕಾಂಟ್ರಾಕ್ಟರ್ ಹತ್ರ ಹೋಗ್ಲಾ ಅಂತ. ಸೇರಿ ಅಂತಾನೇ ಹೇಳ್ತೀನಿ, ಆದ್ರೆ ಏನು ಸಿಗುತ್ತೆ ಏನು ಕಳ್ಕೋತೀವಿ ಅಂತ ತಿಳ್ಕೊಂಡು ಸೇರಿ.

ಕೆಲಸ ಕಲಿಯೋಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಒಂದು ರಾಫ್ಟ್‌ಗೆ, ಅಂದ್ರೆ ಕಟ್ಟಡದಡಿ ಹಾಸೋ ಕಾಂಕ್ರೀಟ್ ತಳಪಾಯಕ್ಕೆ, ಕಾಂಕ್ರೀಟ್ ಹಾಕ್ಬೇಕು ಅಂದ್ರೆ ಬಾರ್ ಬೆಂಡಿಂಗ್ ಶೆಡ್ಯೂಲ್ (ಯಾವ ಕಂಬಿ ಎಷ್ಟು, ಹೇಗೆ ಬಗ್ಗಿಸ್ಬೇಕು ಅನ್ನೋ ಪಟ್ಟಿ) ಹಿಡ್ಕೊಂಡು ಕಂಬಿ ಎಣಿಸ್ಬೇಕು, ಕಂಬಿನ ಅಚ್ಚಿಂದ ದೂರ ಇಡೋ ಕವರ್ ಬ್ಲಾಕ್ ಇದ್ಯಾ, ಕಂಬಿ ಮೇಲೆ ಕಂಬಿ ಜೋಡಿಸೋ ಲ್ಯಾಪ್ ಉದ್ದ ಸರಿ ಇದ್ಯಾ, ಕಾಂಕ್ರೀಟ್ ಹಿಡಿಯೋ ಅಚ್ಚು ಅಂದ್ರೆ ಶಟ್ರಿಂಗ್ ಅಲುಗಾಡುತ್ತಾ ಎಲ್ಲ ನೋಡಿ, ಪೋರ್ ಕಾರ್ಡ್‌ಗೆ (ಕಾಂಕ್ರೀಟ್ ಹಾಕೋಕೆ ಒಪ್ಪಿಗೆ ಚೀಟಿ) ಕ್ವಾಲಿಟಿಯವ್ರು ಸೇಫ್ಟಿಯವ್ರು ಕನ್ಸಲ್ಟೆಂಟ್ ಸೈನ್ ಹಾಕಿದ್ಮೇಲೇ ಪಂಪ್ ಸ್ಟಾರ್ಟು. ಟ್ರಾನ್ಸಿಟ್ ಮಿಕ್ಸರ್ ಬಂದ್ರೆ ಸ್ಲಂಪ್ ಅಂದ್ರೆ ಕಾಂಕ್ರೀಟ್ ಎಷ್ಟು ತೆಳು ಎಷ್ಟು ಗಟ್ಟಿ ಅಂತ ನೋಡೋದು, ಕ್ಯೂಬ್ ಅಚ್ಚಲ್ಲಿ ಸ್ಯಾಂಪಲ್ ತುಂಬಿಡೋದು, ಎಷ್ಟು ಬಲ ತಡೆಯುತ್ತೆ ಅಂತ 7 ದಿನಕ್ಕೆ ಕೆಲವು 28 ದಿನಕ್ಕೆ ಕೆಲವು ಒಡೆದು ನೋಡೋದು. ದಪ್ಪ ರಾಫ್ಟ್ ಆದ್ರೆ ಸಿಮೆಂಟು ಗಟ್ಟಿಯಾಗ್ತಾ ಒಳಗೇ ಕಾಯುತ್ತೆ, ಥರ್ಮೋಕಪಲ್ ಅನ್ನೋ ಬಿಸಿ ಅಳೆಯೋ ತಂತಿ ಇಟ್ಟು ನಡುಭಾಗ 70 ಡಿಗ್ರಿ ದಾಟದ ಹಾಗೆ, ಮೇಲ್ಮೈಗೂ ಅದಕ್ಕೂ ಸುಮಾರು 20 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಬರದ ಹಾಗೆ ರಾತ್ರಿಯೆಲ್ಲ ರೀಡಿಂಗ್ ತಗೋತಾ ಕೂರ್ಬೇಕು, ಇಲ್ದಿದ್ರೆ ಬಿರುಕು. ಇದನ್ನ ಯಾವ ಕಾಲೇಜೂ ಕೈಹಿಡ್ದು ಕಲಿಸಲ್ಲ. ಸಂಬಳ ಟೈಮಿಗೆ ಬರುತ್ತೆ, ಇನ್ಶೂರೆನ್ಸ್ ಇರುತ್ತೆ, ಅದೂ ಸಣ್ಣ ಮಾತಲ್ಲ.

ಕಳ್ಕೊಳ್ಳೋದು ಅಂದ್ರೆ ಮನೆ. ಪ್ರಾಜೆಕ್ಟ್ ಮುಗೀತು ಅಂದ್ರೆ ಟ್ರಾನ್ಸ್‌ಫರ್ ಆರ್ಡರ್ ಬರುತ್ತೆ, ಮಕ್ಕಳ ಸ್ಕೂಲು ಅರ್ಧಕ್ಕಿದ್ರೂ ಹೊರಡ್ಬೇಕು. ಎಷ್ಟೋ ಜನ ಸಂಸಾರನ ಒಂದು ಕಡೆ ಬಿಟ್ಟು ತಾವು ಕ್ಯಾಂಪಲ್ಲಿ ಇರ್ತಾರೆ. ಸ್ಲ್ಯಾಬ್ ಕಾಂಕ್ರೀಟ್ ನಡು ರಾತ್ರೀಲಿ ನಿಲ್ಸಿ ಮನೆಗೆ ಹೋಗೋಕಾಗಲ್ಲ, ಕೋಲ್ಡ್ ಜಾಯಿಂಟ್ ಬೀಳುತ್ತೆ (ಹಳೇ ಕಾಂಕ್ರೀಟು ಹೊಸದು ಸರಿಯಾಗಿ ಬೆಸೆಯಲ್ಲ), ಇದು ನಂಗೂ ಒಪ್ಪಿಗೆ. ಆದ್ರೆ ಪ್ಲಾನಿಂಗ್ ತಪ್ಪಿ ಲೇಟಾಗಿದ್ದಕ್ಕೂ ಭಾನುವಾರ ಬನ್ನಿ ಅನ್ನೋದನ್ನ ಒಪ್ಪೋಕಾಗಲ್ಲ.

ಆದ್ರೆ ನಂಗೆ ಜಾಸ್ತಿ ಸಿಟ್ಟು ಬರೋದು ಬೇರೆ ವಿಷಯಕ್ಕೆ. ಅಪಾಯ ಕಂಡ್ರೆ ಯಾರು ಬೇಕಾದ್ರೂ ಕೆಲಸ ನಿಲ್ಸಬಹುದು ಅಂತ ಪ್ರತಿ ಗೇಟಲ್ಲೂ ಬೋರ್ಡ್ ಇರುತ್ತೆ. ನಮ್ ಸೈಟಲ್ಲಿ ಒಬ್ಳು ಜೂನಿಯರ್ ಹುಡುಗಿ, ಸೇಫ್ಟಿ ಡಿಪಾರ್ಟ್‌ಮೆಂಟು, ಸ್ಕ್ಯಾಫೋಲ್ಡಿಂಗ್‌ನ (ನಿಂತು ಕೆಲಸ ಮಾಡೋ ಅಟ್ಟಣಿಗೆ) ಒಂದು ಬ್ರೇಸಿಂಗ್, ಅಂದ್ರೆ ಅಲುಗದ ಹಾಗೆ ಹಿಡಿಯೋ ಓರೆ ಪೈಪು, ಬಿಚ್ಚಿರೋದು ನೋಡಿ ಹತ್ತಬಹುದು ಅನ್ನೋ ಹಸಿರು ಟ್ಯಾಗ್ ಕಿತ್ತು ಹತ್ತಬೇಡಿ ಅನ್ನೋ ಕೆಂಪು ಟ್ಯಾಗ್ ಹಾಕಿದ್ಲು, ಪ್ಲಾಸ್ಟರಿಂಗ್‌ನವ್ರನ್ನೆಲ್ಲ ಕೆಳಗಿಳಿಸಿದ್ಲು. ಸಂಜೆ ರಿವ್ಯೂ ಮೀಟಿಂಗಲ್ಲಿ ಎಲ್ರ ಮುಂದೆ ಅವಳನ್ನ ಕೇಳಿದ್ದು, ಇವತ್ತಿನ ಪ್ರೋಗ್ರೆಸ್ ಯಾಕೆ ಹೋಯ್ತು ಅಂತ. ಬ್ರೇಸಿಂಗ್ ಬಿಚ್ಚಿದ್ದು ಯಾರು, ಯಾಕೆ ಬಿಚ್ಚಿದ್ರು ಅಂತ ಒಬ್ರೂ ಕೇಳ್ಲಿಲ್ಲ. ಆ ಮೀಟಿಂಗಲ್ಲಿ ಕೂತಿದ್ದ ಇನ್ನೊಬ್ಬ ಜೂನಿಯರ್ ಮುಂದಿನ ಸಲ ಬಾಯಿ ಬಿಡ್ತಾನಾ ಹೇಳಿ.

ಇನ್ನು ಮೇಲಿಂದ ಬಿದ್ರೆ ಬೀಳೋದು ಯಾರು? ಸಬ್ ಕಾಂಟ್ರಾಕ್ಟರ್ ಕೆಳಗಿನ ಮೇಸ್ತ್ರಿ, ಅವನ ಕೆಳಗಿನ ಹೆಲ್ಪರ್. ಹೆಲ್ಮೆಟ್ ಮೇಲೆ ಕಂಪನಿ ಹೆಸರು, ಬಟವಾಡೆ ಮಾತ್ರ ಇನ್ಯಾರದೋ ಕೈಲಿ. ಕ್ಲೈಂಟ್ ಬಿಲ್ ಪಾಸಾಗ್ದೆ ಸಬ್ ಕಾಂಟ್ರಾಕ್ಟರ್ ಬಿಲ್ ಪಾಸಾಗಲ್ಲ, ಅದ್ರಲ್ಲೂ ಶೇಕಡ 5ರಿಂದ 10 ರಿಟೆನ್ಷನ್ (ಕೆಲಸ ಸರಿ ಇದೆ ಅಂತ ಗೊತ್ತಾಗೋ ತನಕ ತಡೆಹಿಡಿಯೋ ದುಡ್ಡು) ಅಂತ ಹಿಡ್ಕೋತಾರೆ, ಅದರ ಎಳೆತ ಕೊನೆಗೆ ಮುಟ್ಟೋದು ಹೆಲ್ಪರ್ ಕೂಲಿಗೆ. ಬಿಲ್ ಯಾವಾಗ್ಲಾದ್ರೂ ಆಗ್ಲಿ, ಕೂಲಿ ಮಾತ್ರ ಕಂಪನಿನೇ ನೇರವಾಗಿ ಅವ್ರ ಅಕೌಂಟಿಗೆ ಹಾಕಿ ಆಮೇಲೆ ಬಿಲ್ಲಲ್ಲಿ ಹಿಡ್ಕೊಂಡ್ರೆ ಏನು ಕಷ್ಟ? ಅಷ್ಟು ದೊಡ್ಡ ಅಕೌಂಟ್ಸ್ ಡಿಪಾರ್ಟ್‌ಮೆಂಟ್ ಇದ್ಯಲ್ವಾ.

ಅದಕ್ಕೇ ಇಂಟರ್ವ್ಯೂಗೆ ಹೋದಾಗ ಸಂಬಳ ಒಂದೇ ಕೇಳ್ಬೇಡಿ. ಎಷ್ಟು ತಿಂಗಳಿಗೊಮ್ಮೆ ಊರಿಗೆ ಕಳಿಸ್ತೀರಾ, ಲೇಬರ್‌ಗೆ ದುಡ್ಡು ಯಾರು ಕೊಡ್ತಾರೆ, ಹೋದ ಸಲ ನಿಮ್ ಸೈಟಲ್ಲಿ ಅಪಾಯ ಕಂಡು ಕೆಲಸ ನಿಲ್ಸಿದವ್ರು ಈಗ ಎಲ್ಲಿದ್ದಾರೆ ಅಂತ ಕೇಳಿ.