ಅವ್ವ ಈಗ ನಿಜವಾದ ಎಚ್ಚರಿಕೆಯನ್ನೂ ನಂಬುತ್ತಿಲ್ಲ

ಜುಲೈ ಕೊನೆಯ ಒಂದು ರಾತ್ರಿ, ಸುಮಾರು 11 ಗಂಟೆಗೆ ಅವ್ವನ ಫೋನ್ ಬಂತು. ನಾನಿರೋದು ಕುಶಾಲನಗರದಲ್ಲಿ, ಅವ್ವ ಮಕ್ಕಂದೂರು ಕಡೆ ಊರಿನಲ್ಲಿ. "ಮೇಲಿನ ಗುಡ್ಡ ಜರಿದಿದೆಯಂತೆ ಮಗ, ವಿಡಿಯೊ ಬಂದಿದೆ, ನಾನು ಹೊರಟೆ" ಅಂದಳು. ಅಷ್ಟರಲ್ಲಿ ಹಸುಗಳ ಹಗ್ಗ ಬಿಚ್ಚಿ ಆಗಿತ್ತು. ಪಹಣಿ, ಪಾಸ್‌ಬುಕ್, ಬಿಪಿ ಮಾತ್ರೆ ಎಲ್ಲ ಒಂದು ಪ್ಲಾಸ್ಟಿಕ್ ಕವರ್ ಸೇರಿತ್ತು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದದ್ದನ್ನು ನೋಡಿದವರಿಗೆ ಇದನ್ನೆಲ್ಲ ಯಾರೂ ಹೇಳಿಕೊಡಬೇಕಿಲ್ಲ.

ವಿಡಿಯೊ ತರಿಸಿಕೊಂಡು ನೋಡಿದೆ. ಕೆಂಪು ಮಣ್ಣು ಹೊಳೆಯ ಹಾಗೆ ಇಳಿಯುತ್ತಿದೆ, ಒಂದು ಬಸ್ಸು ಕೊಚ್ಚಿಹೋಗುತ್ತಿದೆ, ಯಾರೋ ಹೆಂಗಸು ಕಿರುಚುತ್ತಿದ್ದಾಳೆ. ನನ್ನ ಎದೆಯೂ ಧಸಕ್ ಅಂತು. ಎರಡನೇ ಸಲ ನಿಲ್ಲಿಸಿ ನಿಲ್ಲಿಸಿ ನೋಡಿದಾಗ ಬಸ್ಸಿನ ಬೋರ್ಡ್ ಕಣ್ಣಿಗೆ ಬಿತ್ತು. ದೂರಕ್ಕೆ ಕನ್ನಡ ಅಕ್ಷರದ ಹಾಗೇ ಇದೆ, ಓದೋಕೆ ಹೋದರೆ ಯಾವ ಭಾಷೆಯೂ ಅಲ್ಲ. ಜಡಿಮಳೆಯಲ್ಲಿ ನಿಂತವರ ಅಂಗಿ ಒಣಗೇ ಇದೆ. ಒಬ್ಬನ ಕೊಡೆಗೆ ಹಿಡಿಯೇ ಇಲ್ಲ. ಎಐ ಮಾಡಿದ ವಿಡಿಯೊ.

ಪಕ್ಕದ ಮನೆಗೆ ಫೋನ್ ಮಾಡಿ ಕೇಳಿದೆ, ಗುಡ್ಡಕ್ಕೆ ಏನೂ ಆಗಿಲ್ಲ. ಆದರೆ ಅವ್ವ ಟಾರ್ಚ್ ಹಿಡಿದು ತೋಟದ ದಾರಿಯಲ್ಲಿ ಅರ್ಧ ದೂರ ನಡೆದಿದ್ದಳು. ಜಾರುವ ದಾರಿ, ಕತ್ತಲು, ಆನೆ ಓಡಾಡೋ ಜಾಗ. ಪಕ್ಕದ ಮನೆಯವರೇ ಹೋಗಿ ವಾಪಸ್ ಕರೆದುಕೊಂಡು ಬಂದರು.

ನಮ್ಮ ವಿರಾಜಪೇಟೆಯ ರಶ್ಮಿಕಾ ಮಂದಣ್ಣ ಅವರಿಗೆ 2023ರ ನವೆಂಬರಿನಲ್ಲಿ ಏನಾಯ್ತು ನೆನಪಿದೆ ಅಲ್ವಾ? ಲಿಫ್ಟಿಗೆ ಬರುವ ಬೇರೆ ಹೆಣ್ಣುಮಗಳ ವಿಡಿಯೊಗೆ ಇವರ ಮುಖ ಅಂಟಿಸಿದ್ದರು. 2024ರ ಜನವರಿಯಲ್ಲಿ ದೆಹಲಿ ಪೊಲೀಸರು ಆಂಧ್ರದಲ್ಲಿ ಒಬ್ಬನನ್ನು ಹಿಡಿದರು, ಫಾಲೋವರ್ಸ್ ಜಾಸ್ತಿ ಮಾಡಿಕೊಳ್ಳೋಕೆ ಹೀಗೆ ಮಾಡಿದ್ದ ಅಂದರು. ಆಗ ಅಂಟಿಸೋಕೆ ಒಂದು ಅಸಲಿ ವಿಡಿಯೊ ಆದರೂ ಬೇಕಿತ್ತು. ಈಗ ಅದೂ ಬೇಡ, ಎರಡು ಸಾಲು ಬರೆದುಕೊಟ್ಟರೆ ಗುಡ್ಡವೇ ಜರಿಯುತ್ತೆ.

ಬರೀ ವಿಡಿಯೊ ಅಲ್ಲ. ಅದೇ ವಾರ ಪರಿಚಯದ ಹುಡುಗನೊಬ್ಬ ಹಾರಂಗಿ ಅಣೆಕಟ್ಟಿನ ನೀರಿನ ಮಟ್ಟ ಎಷ್ಟು ಅಂತ ಚಾಟ್‌ಬಾಟ್ ಹತ್ತಿರ ಕೇಳಿದ, ಅದು 2859 ಅಡಿ ಅಂತು. ಅದು ಅಣೆಕಟ್ಟಿನ ಪೂರ್ಣ ಮಟ್ಟ! ಅವತ್ತಿನ ನೀರು ಅದಕ್ಕಿಂತ ಕೆಳಗಿತ್ತು. ಒಂದು ಪದ ಆದಮೇಲೆ ಯಾವ ಪದ ಬರಬಹುದು ಅಂತ ಲೆಕ್ಕ ಹಾಕಿ ಉತ್ತರ ಜೋಡಿಸುವ ಯಂತ್ರ ಅದು, ಗೊತ್ತಿಲ್ಲದ್ದನ್ನೂ ಗೊತ್ತಿರುವ ಹಾಗೇ ಹೇಳುತ್ತೆ. ಹೊಳೆ ಪಕ್ಕದ ಬಡಾವಣೆಯವರು ಇಂಥ ಮಾತು ಕೇಳಿ ನಡುರಾತ್ರಿ ಮನೆ ಬಿಟ್ಟರೆ?

ನನಗೆ ನಿದ್ದೆ ಕೆಡಿಸಿದ್ದು ಆಮೇಲಿನದು. ನಾಲ್ಕು ದಿನ ಬಿಟ್ಟು ಪಂಚಾಯಿತಿಯಿಂದ ನಿಜವಾದ ಸೂಚನೆ ಬಂತು: ಗುಡ್ಡದ ಬುಡದ ಮನೆಯವರು ಎರಡು ದಿನ ಬೇರೆ ಕಡೆ ಇರಿ ಅಂತ. ಫೋನ್ ಮಾಡಿದೆ. "ಅದೂ ಹಾಗೇ ಯಾರೋ ಸುಮ್ನೆ ಮಾಡಿದ್ದಿರಬೇಕು ಬಿಡು" ಅಂದಳು ಅವ್ವ. ಹಸುವಿನ ಹಗ್ಗ ಬಿಚ್ಚಿಟ್ಟು ಹೊರಟಿದ್ದ ಅದೇ ಅವ್ವ. ನಾನೇ ಜೀಪು ತಗೊಂಡು ಹೋಗಿ ಕರೆದುಕೊಂಡು ಬರಬೇಕಾಯಿತು. ಹಾಗೆ ಹೋಗಿ ಕರೆತರೋಕೆ ಎಲ್ಲರ ಮಕ್ಕಳೂ ಹತ್ತಿರದಲ್ಲಿ ಇರಲ್ಲ.

ಆ ವಿಡಿಯೊ ನಮ್ಮೂರಿನ ಗ್ರೂಪಿಗೆ ಹಾಕಿದವರು ಇದನ್ನು ಓದುತ್ತಿದ್ದೀರಿ ಅಂತ ಗೊತ್ತು. ನಿಮ್ಮ ಮೇಲೆ ಸಿಟ್ಟಿಲ್ಲ, ನೀವೂ ಹೆದರಿಯೇ ಹಾಕಿದ್ದು. ಆದರೆ ಸುಮ್ಮನೆ ಡಿಲೀಟ್ ಮಾಡಿ ಬಿಡಬೇಡಿ. ಅದು ಸುಳ್ಳು ಅಂತ ಅದೇ ಗ್ರೂಪಿನಲ್ಲಿ ನಿಮ್ಮ ದನಿಯಲ್ಲೇ ಒಂದು ಆಡಿಯೊ ಹಾಕಿ. ಅವ್ವ ನಿಮ್ಮ ದನಿ ಗುರುತು ಹಿಡಿಯುತ್ತಾಳೆ.