ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ಮೊಬೈಲು

ಎರಡು ವರ್ಷದ ಹಿಂದಿನ ಮಾತು. ರಾತ್ರಿ ಚಿತ್ರದುರ್ಗದಿಂದ ದಾವಣಗೆರೆಗೆ ವಾಪಸ್ ಬರುತ್ತಿದ್ದೆ. ಭರಮಸಾಗರ ದಾಟಿ ಆನಗೋಡಿನ ಕಡೆ ಬರುವಾಗ ಹೆದ್ದಾರಿಯಲ್ಲಿ ಮೆಕ್ಕೆಜೋಳದ ಲಾರಿಯೊಂದು ಮಗುಚಿ ಬಿದ್ದಿತ್ತು. ಎಂಜಿನ್ನಿಂದ ಹೊಗೆ ಬರುತ್ತಿತ್ತು. ಡ್ರೈವರ್ ಹೇಗೋ ಹೊರಗೆ ಬಂದು, ಹಣೆಗೆ ಟವೆಲ್ ಒತ್ತಿಕೊಂಡು ಕೂತಿದ್ದ.

ಅಲ್ಲಿಗೆ ಬಂದ ಜೀಪಿನವರು ವೈರ್‌ಲೆಸ್ಸಿನ ಮೈಕ್ ಹಿಡಿದು ತಮ್ಮ ಕಂಟ್ರೋಲ್ ರೂಮಿಗೆ ಹೇಳಿದರು. ಅಲ್ಲಿಂದ ಬೆಂಕಿ ಗಾಡಿಯವರಿಗೆ ಫೋನ್ ಹೋಯಿತು. ಬೆಂಕಿ ಗಾಡಿಯವರು ಜೀಪಿನವರ ಮೊಬೈಲಿಗೇ ಫೋನ್ ಮಾಡಿದರು. "ಸಾರ್, ಮೇಲಿನ ರೋಡಾ, ಸರ್ವಿಸ್ ರೋಡಾ?" ಅಷ್ಟರಲ್ಲಿ ಮೈಕಿನಲ್ಲೂ ಅದೇ ಪ್ರಶ್ನೆ. ಜೀಪಿನವರಿಗೆ ತಲೆ ಕೆಟ್ಟಿತು. ಮೊಬೈಲನ್ನು ಸ್ಪೀಕರಿಗೆ ಹಾಕಿ, ಮೈಕಿನ ಗುಂಡಿ ಒತ್ತಿ, ಎರಡನ್ನೂ ಎದುರುಬದುರು ಹಿಡಿದು, "ಎಲ್ರೂ ಒಟ್ಟಿಗೇ ಕೇಳ್ಕಳ್ರಿ" ಅಂದರು.

ಜೀಪು ಯಾವ ಜಿಲ್ಲೆಯದು, ಯಾವ ಇಲಾಖೆಯದು ಅಂತ ಬರೆಯಲ್ಲ. ಅವರೊಬ್ಬರ ತಪ್ಪೇನೂ ಅಲ್ಲ.

ಆವತ್ತು ಮಾತ್ರ ನನಗೆ ಸಿಟ್ಟು ಬಂದಿತ್ತು. ಎಲ್ಲರಿಗೂ ಸೇರಿ ಒಂದೇ ರೇಡಿಯೋ ವ್ಯವಸ್ಥೆ ಮಾಡೋಕೆ ಏನು ಧಾಡಿ? ಟಿವಿ, ಆಂಪ್ಲಿಫೈಯರ್ ರಿಪೇರಿ ಮಾಡಿಕೊಂಡಿರುವ ನನಗೆ ಮೊದಲಿಂದಲೂ ರೇಡಿಯೋ ಅಂದರೆ ಹುಚ್ಚು. ಬೇರೆ ದೇಶದಲ್ಲಿ ಹೇಗೆ ಮಾಡುತ್ತಾರೆ ಅಂತ ಓದುತ್ತಾ ಹೋದೆ. ಓದುತ್ತಾ ಓದುತ್ತಾ ನನ್ನ ಸಿಟ್ಟೇ ಜಾಗ ಬದಲಾಯಿಸಿತು.

ಅಲ್ಲೆಲ್ಲ ಈಗ ಜಾಸ್ತಿ ನಡೆಯೋದು ಟ್ರಂಕಿಂಗ್ ರೇಡಿಯೋ. ಹಳಬರಿಗೆ ಟ್ರಂಕ್ ಕಾಲ್ ನೆನಪಿರಬೇಕು. ಊರೂರಿನ ನಡುವೆ ಇದ್ದ ಲೈನು ಕೆಲವೇ, ಮಾತಾಡುವವರು ನೂರಾರು. ಯಾವ ಲೈನು ಖಾಲಿಯೋ ಅದು ನಿಮಗೆ. ಅದೇ ಉಪಾಯವನ್ನು ರೇಡಿಯೋಗೂ ತಂದಿದ್ದಾರೆ. ಮೊದಲು ಒಂದೊಂದು ತಂಡಕ್ಕೆ ಒಂದೊಂದು ಚಾನೆಲ್ ಮೀಸಲು. ಒಂದರಲ್ಲಿ ನೂಕುನುಗ್ಗಲು, ಪಕ್ಕದ್ದು ಸುಮ್ನೆ ಖಾಲಿ. ಟ್ರಂಕಿಂಗಿನಲ್ಲಿ ಚಾನೆಲ್‌ಗಳೆಲ್ಲ ಒಂದೇ ರಾಶಿ. ಗುಂಡಿ ಒತ್ತಿದ ಕೂಡಲೇ, ಚಾನೆಲ್ ಕೇಳೋದಕ್ಕೇ ಇಟ್ಟಿರುವ ಕಂಟ್ರೋಲ್ ಚಾನೆಲ್ ಮೂಲಕ ಕಂಪ್ಯೂಟರಿಗೆ ಸುದ್ದಿ ಹೋಗುತ್ತದೆ. ಅದು ಖಾಲಿ ಚಾನೆಲ್ ಹುಡುಕಿ ನಿಮ್ಮ ಗುಂಪಿಗೆ ಕೊಡುತ್ತದೆ. ಮಾತು ಮುಗಿದರೆ ಚಾನೆಲ್ ವಾಪಸ್ ರಾಶಿಗೆ. ನಮ್ಮ ಬೆಣ್ಣೆ ದೋಸೆ ಹೋಟೆಲಿನ ಹಾಗೆ. ಯಾವ ಟೇಬಲ್ಲೂ ಯಾರ ಹೆಸರಲ್ಲೂ ಇಲ್ಲ, ಖಾಲಿಯಾದಲ್ಲಿ ಕೂತ್ಕೊಳ್ಳಿ.

ಇಷ್ಟು ಚೆನ್ನಾಗಿರೋದನ್ನು ಎಲ್ಲರೂ ಒಂದೇ ಆಗಿ ಬಳಸಬಹುದಲ್ವಾ? ಕೆಲವು ಕಡೆ ಬಳಸುತ್ತಾರೆ ಕೂಡ. ಆದರೆ ಭಾನುವಾರ ಬೆಳಗ್ಗೆ ಅದೇ ಹೋಟೆಲಿಗೆ ಹೋಗಿ ನೋಡಿ. ಟೇಬಲ್ ತುಂಬಿದ ಮೇಲೆ ಬಂದವರು ಬಾಗಿಲಲ್ಲೇ ನಿಲ್ಲಬೇಕು. ರೇಡಿಯೋದಲ್ಲಿ ಅದಕ್ಕೆ ಬ್ಯುಸಿ ಟೋನ್. ದೊಡ್ಡ ಬೆಂಕಿ ಬಿದ್ದಾಗ ಬೆಂಕಿಯವರು, ಪೊಲೀಸರು, ಆಂಬುಲೆನ್ಸಿನವರು ಎಲ್ಲರೂ ಒಟ್ಟಿಗೆ ಗುಂಡಿ ಒತ್ತುತ್ತಾರೆ. ತುರ್ತು ಗುಂಡಿಗೆ ಮೊದಲ ಸ್ಥಾನ ಕೊಡೋ ಏರ್ಪಾಡು ಇದೆ, ಸರಿ. ಆದರೆ ಯಾರಿಗೆ ಮೊದಲು ಅನ್ನೋ ಪಟ್ಟಿ ಯಾರ ಕೈಯಲ್ಲಿರಬೇಕು? ನನ್ನ ಪ್ರಕಾರ ಅರ್ಧ ಜಗಳ ಇರೋದು ಇಲ್ಲೇ. ತನ್ನ ಹುಡುಗರ ಜೀವ ನಿಂತಿರುವ ಸೆಟ್ಟಿನ ಬೀಗದ ಕೈಯನ್ನು ಯಾವ ಅಧಿಕಾರಿಯೂ ಪಕ್ಕದ ಇಲಾಖೆಗೆ ಕೊಡೋದಿಲ್ಲ.

ಬೇಕಾಗಿರೋದೂ ಬೇರೆ ಬೇರೆ. ಹೆದ್ದಾರಿ ಗಸ್ತಿನವರಿಗೆ ದೂರ ಮುಟ್ಟಬೇಕು. ಬೆಂಕಿಯವರಿಗೆ ಕಾಂಕ್ರೀಟ್ ಕಟ್ಟಡದ ನೆಲಮಾಳಿಗೆಯಲ್ಲೂ ಕೇಳಬೇಕು, ಟವರ್ ಸಿಗದಿದ್ದರೆ ಸೆಟ್ಟಿಂದ ಸೆಟ್ಟಿಗೆ ನೇರ ಮಾತಾಡಲು ಆಗಬೇಕು. ಚಿತ್ರದುರ್ಗದ ಬಂಡೆಗಳ ಹಿಂದೆ ಮೊಬೈಲ್ ಸಿಗ್ನಲ್ ಹೋದ ಅನುಭವ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ದುಡ್ಡಿನ ಕಥೆ ಇನ್ನೊಂದು. ಅಮೆರಿಕದಲ್ಲಿ ಸುಮಾರು 18,000 ಪೊಲೀಸ್ ಸಂಸ್ಥೆಗಳಿವೆ. ಜಾಸ್ತಿ ಪಾಲು ಆಯಾ ಊರಿನವು, ಆಯಾ ಕೌಂಟಿಯವು, ಅಂದರೆ ನಮ್ಮ ಜಿಲ್ಲೆಯ ಹಾಗೆ. ಒಬ್ಬರು ಈ ವರ್ಷ ಕೊಂಡರೆ ಪಕ್ಕದವರು ಹತ್ತು ವರ್ಷ ಬಿಟ್ಟು ಕೊಳ್ಳುತ್ತಾರೆ. ಮೊಟೊರೊಲಾ ಕಂಪನಿಯ ಹಳೇ ಟ್ರಂಕಿಂಗ್ ಸೆಟ್ಟಿಗೂ ಬೇರೆ ಕಂಪನಿಯ ಇಡಾಕ್ಸ್ ಎಂಬ ಟ್ರಂಕಿಂಗ್ ಸೆಟ್ಟಿಗೂ ಮಾತೇ ಇರಲಿಲ್ಲ. ಇದಕ್ಕೇ 1989ರಲ್ಲಿ ಪ್ರಾಜೆಕ್ಟ್ 25 ಅಂತ ಎಲ್ಲರಿಗೂ ಹೊಂದುವ ಮಾನದಂಡದ ಕೆಲಸ ಶುರು ಮಾಡಿದರು. ಮಾನದಂಡ ಬಂತು ಅಂತ ಹಳೇ ಟವರ್ ಕಿತ್ತು ಹಾಕುತ್ತಾರಾ? ಹಳೇದು, ಹೊಸದು ಎರಡೂ ಒಟ್ಟಿಗೆ ಓಡುತ್ತವೆ.

ಬ್ರಿಟನ್ ಪೊಲೀಸ್, ಬೆಂಕಿ, ಆಂಬುಲೆನ್ಸ್ ಮೂವರನ್ನೂ ಏರ್‌ವೇವ್ ಎಂಬ ಒಂದೇ ಜಾಲಕ್ಕೆ ತಂದಿತು. ಒಳ್ಳೆಯ ಕೆಲಸವೇ. ಆದರೆ ಅದನ್ನು ಬದಲಿಸಲು ಹೊರಟಾಗ ಎಲ್ಲರನ್ನೂ ಒಟ್ಟಿಗೇ ಎಬ್ಬಿಸಬೇಕಾಯಿತು. 2019ರ ಕೊನೆಗೆ ಮುಚ್ಚಬೇಕಿದ್ದದ್ದು ವರ್ಷದ ಮೇಲೆ ವರ್ಷ ಮುಂದಕ್ಕೆ ಹೋಯಿತು.

ಹಾಗಂತ ಬೇರೆ ಬೇರೆ ಇಟ್ಟುಕೊಂಡು ಸುಮ್ಮನಿರೋಕೂ ಆಗಲ್ಲ. 1982ರ ಜನವರಿ 13ರಂದು ವಾಷಿಂಗ್ಟನ್ನಿನ ಪೊಟೊಮ್ಯಾಕ್ ನದಿಗೆ ವಿಮಾನ ಬಿತ್ತು. ಅರ್ಧ ಗಂಟೆಯಲ್ಲಿ ಅದೇ ಊರಲ್ಲಿ ಮೆಟ್ರೋ ರೈಲು ಹಳಿ ತಪ್ಪಿತು. ಓಡಿ ಬಂದ ತಂಡಗಳಿಗೆ ಒಬ್ಬರ ರೇಡಿಯೋ ಇನ್ನೊಬ್ಬರಿಗೆ ಕೇಳಲಿಲ್ಲ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನಲ್ಲಿ ಪೊಲೀಸ್ ಹೆಲಿಕಾಪ್ಟರಿನವರು ಗೋಪುರ ಬೀಳುವ ಹಾಗಿದೆ ಅಂತ ತಮ್ಮ ರೇಡಿಯೋದಲ್ಲಿ ಎಚ್ಚರಿಸಿದರು. ಅದು ಒಳಗಿದ್ದ ಬೆಂಕಿಯವರ ಸೆಟ್ಟಿಗೆ ಬರಲಿಲ್ಲ. ಅವರ ಕೈಯಲ್ಲಿದ್ದದ್ದು ಟ್ರಂಕಿಂಗ್ ಸೆಟ್ಟೂ ಅಲ್ಲ ಬಿಡಿ. ಆ ದಿನ ಅವರಲ್ಲಿ 343 ಜನ ಸತ್ತರು. ಈ ಸಂಖ್ಯೆ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಹಾಗಾಗಿ ನನ್ನ ಈಗಿನ ಅಭಿಪ್ರಾಯ ಇಷ್ಟು. ಮನೆ ಬೇರೆ ಬೇರೆ ಇರಲಿ, ಗೋಡೆಯಲ್ಲಿ ಒಂದು ಬಾಗಿಲು ಇರಲಿ. ಎಲ್ಲರ ಸೆಟ್ಟಿಗೂ ಸಿಗುವ ಒಂದು ಚಾನೆಲ್. ಎರಡು ವ್ಯವಸ್ಥೆಯ ಧ್ವನಿಯನ್ನು ಆ ಕಡೆ ಈ ಕಡೆ ದಾಟಿಸುವ ಪೆಟ್ಟಿಗೆಯೂ ಸಿಗುತ್ತದೆ, ಅದಕ್ಕೆ ಗೇಟ್‌ವೇ ಅಂತಾರೆ. ಆನಗೋಡಿನ ಹತ್ತಿರ ಜೀಪಿನವರು ಎರಡು ಕೈಯಲ್ಲಿ ಮಾಡಿದ್ದು ಅದನ್ನೇ. ಪೆಟ್ಟಿಗೆ ತಂದು ಕಪಾಟಿನಲ್ಲಿಟ್ಟರೆ ಪ್ರಯೋಜನವಿಲ್ಲ. ನಮ್ಮ ದಾವಣಗೆರೆಯ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಜಾತ್ರೆಗೆ ಒಂದು ವಾರ ಮೊದಲು ಮೂರೂ ಇಲಾಖೆಯವರು ಗುಡಿ ಮುಂದೆ ನಿಂತು, ಒಂದು ಸಲ ಒಬ್ಬರನ್ನೊಬ್ಬರು ಸೆಟ್ಟಿನಲ್ಲಿ ಕರೆದು ನೋಡಲಿ.

ಅಂದಹಾಗೆ, ಆವತ್ತು ಬೆಂಕಿ ಗಾಡಿ ಬಂದದ್ದು ಸರ್ವಿಸ್ ರೋಡಿನಲ್ಲಿ. ಲಾರಿ ಬಿದ್ದಿದ್ದು ಮೇಲೆ. ಪುಣ್ಯಕ್ಕೆ ಅಷ್ಟರಲ್ಲಿ ಹೊಗೆ ತಾನಾಗೇ ನಿಂತಿತ್ತು.