ಬಾಸ್ ಗಿಟಾರ್ ಪೆಟ್ಟಿಗೆ: ಆ ಸಂದೇಶದ ಎರಡೂ ಮಾತು ತಪ್ಪು

ಕುಂಬಳೆ, ಮಂಜೇಶ್ವರ ಕಡೆಯ ರಸಮಂಜರಿ ತಂಡಗಳವರ ಮೊಬೈಲುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: ‘ಬಾಸ್ ಗಿಟಾರಿಗೆ 15 ಇಂಚಿನ ಸ್ಪೀಕರೇ ಬೇಕು. 4 ಓಮ್‌ನ ಎರಡು ಪೆಟ್ಟಿಗೆ ಜೋಡಿಸಿದರೆ 8 ಓಮ್ ಆಗುತ್ತದೆ, ಆಂಪ್ಲಿಫೈಯರಿಗೆ ಹಗುರ.’ ಓಮ್ ಎಂದರೆ ವಿದ್ಯುತ್ತಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ; ಅದು ಇಳಿದಷ್ಟೂ ಆಂಪ್ಲಿಫೈಯರಿಗೆ ಹೊರೆ ಹೆಚ್ಚು.

ಮೊದಲನೆಯದು ಹಳೆಯ ನಂಬಿಕೆ, ಅಷ್ಟೆ. ಆಂಪೆಗ್ ಕಂಪನಿ 1969ರಲ್ಲಿ ತಂದ ಎಸ್‌ವಿಟಿ ಎಂಬ ಬಾಸ್ ಆಂಪ್ಲಿಫೈಯರಿನ ಪೆಟ್ಟಿಗೆಯಲ್ಲಿ ಇದ್ದದ್ದು 10 ಇಂಚಿನ ಎಂಟು ಸ್ಪೀಕರುಗಳು. ದಪ್ಪ ತಂತಿಯ ಸುಮಾರು 41 ಹರ್ಟ್ಸ್ ನಾದ ಎಷ್ಟು ತುಂಬಿ ಬರುತ್ತದೆ ಎಂಬುದು ಪೆಟ್ಟಿಗೆಯ ಒಳಗಾತ್ರ, ಗಾಳಿಕಿಂಡಿಯ ಅಳತೆ, ಸ್ಪೀಕರಿನ ಅದುರುವ ಶಂಕು, ಅಂದರೆ ಕೋನ್, ಎಷ್ಟು ದೂರ ಚಲಿಸಬಲ್ಲದು ಎಂಬುದರ ಮೇಲೂ ನಿಂತಿದೆ. ಬರಿಯ ಇಂಚು ನೋಡಿ ಕೊಳ್ಳುವುದು ಸೊಂಟದ ಅಳತೆಯಿಂದ ಭಾಗವತರನ್ನು ಆರಿಸಿದ ಹಾಗೆ.

ಎರಡನೆಯದು ಅಪಾಯಕಾರಿ. ಬಾಸ್ ಆಂಪ್ಲಿಫೈಯರ್‌ನ ಹಿಂದಿರುವ ಎರಡು ಸ್ಪೀಕರ್ ಜಾಕ್‌ಗಳು ಸಾಮಾನ್ಯವಾಗಿ ಸಮಾಂತರ (ಪ್ಯಾರಲಲ್) ಜೋಡಣೆಯವು: ವಿದ್ಯುತ್ತಿಗೆ ಎರಡು ದಾರಿ ಸಿಗುವುದರಿಂದ ಒಟ್ಟು ತಡೆ ಇಳಿಯುತ್ತದೆ. ಅಲ್ಲಿ 4 ಮತ್ತು 4 ಸೇರಿದರೆ 2 ಓಮ್. ‘ಕನಿಷ್ಠ 4 ಓಮ್’ ಎಂದು ಬರೆದಿರುವ ಯಂತ್ರಕ್ಕೆ ಅದು ಮಿತಿಮೀರಿದ ಹೊರೆ. ಕಾಸರಗೋಡಿನ ಸಮೀಪದ ಒಂದು ಜಾತ್ರೆಯಲ್ಲಿ ನಾನೇ ಹೀಗೆ ಜೋಡಿಸಿದ್ದೆ. ಮೂರನೆಯ ಹಾಡಿಗೆ ಸುಟ್ಟ ವಾಸನೆ, ಆಮೇಲೆ ಮೌನ. ಚೆಂಡೆಯವರು ರಾತ್ರಿಯನ್ನು ಉಳಿಸಿಕೊಟ್ಟರು.

ಎರಡು ಪೆಟ್ಟಿಗೆ ಬೇಕೆಂದಿದ್ದರೆ ತಲಾ 8 ಓಮ್‌ನವನ್ನು ಕೊಳ್ಳಿ. ಸೇರಿ 4 ಆಗುತ್ತದೆ. ನಡುವೆ ಗಿಟಾರಿನ ತೆಳು ಕೇಬಲ್ ಬೇಡ, ಸ್ಪೀಕರಿನದ್ದೇ ಇರಲಿ.